ಕನ್ನಡಿ ಸರಿಯಲು ಜಾಗ ಬೇಕು

ನಮ್ಮ ಬಚ್ಚಲಿನ ಕನ್ನಡಿ ಒಡೆದದ್ದು 2023ರ ಮಾರ್ಚ್‌ನಲ್ಲಿ. ನಮ್ಮವರು ಶೇವಿಂಗ್ ಬ್ಲೇಡ್ ತೆಗೆಯಲೆಂದು ಕನ್ನಡಿ ಬಾಗಿಲು ಎಳೆದರು. ಕೆಳಗಿನ ಹಿಂಜ್ ಕೈಗೇ ಬಂತು. ಮೇಲಿನದ್ದು ಒಂದು ಕ್ಷಣ ಯೋಚನೆ ಮಾಡಿ, ಅದೂ ಬಿಟ್ಟಿತು. ಕನ್ನಡಿ ಬೇಸಿನ್ನಿನ ಅಂಚಿಗೆ ಬಡಿದು ನಾಲ್ಕು ತುಂಡು. ಪುಣ್ಯಕ್ಕೆ ಯಾರ ಕಾಲ ಮೇಲೂ ಬೀಳಲಿಲ್ಲ. ಅತ್ತೆ ಅಡುಗೆಮನೆಯಿಂದಲೇ "ಎಂಥ ಒಡೆದದ್ದು?" ಎಂದು ಕೇಳಿದರು. "ಕನ್ನಡಿ" ಎಂದೆ. ಅವರು ಮತ್ತೆ ಮಾತಾಡಲಿಲ್ಲ, ಹೋಗಿ ದೇವರ ಮುಂದೆ ದೀಪ ಹಚ್ಚಿದರು.

ಅದು ಅಂಗಡಿಯಲ್ಲಿ ಸಿಗುವ ರೆಡಿಮೇಡ್ ತಗಡಿನ ಪೆಟ್ಟಿಗೆ. ಮುಂದೆ ಕನ್ನಡಿ ಅಂಟಿಸಿದ ಬಾಗಿಲು, ಒಳಗೆ ಎರಡು ಅಂಕಣ. ನಮ್ಮ ಮನೆ ಇರುವುದು ಉಡುಪಿಯ ಕೊಡವೂರಿನಲ್ಲಿ. ಮಲ್ಪೆ ಕಡಲು ಎರಡು ಮೂರು ಕಿಲೋಮೀಟರ್ ದೂರ. ಕಡಲ ಗಾಳಿಯ ಉಪ್ಪು ಕಬ್ಬಿಣವನ್ನು ಸುಮ್ನೆ ಬಿಡುವುದಿಲ್ಲ. ಗೇಟು, ಗ್ರಿಲ್ಲು, ಮಗಳ ಸೈಕಲ್ಲಿನ ಚೈನು ಎಲ್ಲದಕ್ಕೂ ತುಕ್ಕು. ಬಚ್ಚಲಿನಲ್ಲಿ ಅದರ ಜೊತೆ ಗೀಸರಿನ ಹಬೆಯೂ ಸೇರಿತು. ಆ ಹಿಂಜ್ ನಾಲ್ಕು ವರ್ಷ ಬಾಳಿದ್ದೇ ಜಾಸ್ತಿ.

"ಅಂಥದ್ದೇ ಇನ್ನೊಂದು ತಂದು ಹಾಕಿದ್ರೆ ಆಯ್ತು" ಎಂದರು ನಮ್ಮವರು. ನನಗೆ ಮನಸ್ಸಾಗಲಿಲ್ಲ. ನಮ್ಮ ಬಚ್ಚಲು ನಾಲ್ಕೂವರೆ ಅಡಿ ಅಗಲ, ಏಳು ಅಡಿ ಉದ್ದ. ಬೇಸಿನ್ ಇರುವುದು ಅಗಲದ ಗೋಡೆಯಲ್ಲಿ, ಬಾಗಿಲಿನ ಪಕ್ಕಕ್ಕೇ. ಕನ್ನಡಿ ಬಾಗಿಲು ತೆರೆದರೆ ನಾವು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಹಿಂದೆ ಸರಿದರೆ ಬಚ್ಚಲ ಬಾಗಿಲು ಬೆನ್ನಿಗೆ. ಮುಖಕ್ಕೆ ಸೋಪು ಹಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು ಈ ಕುಣಿತ ಮಾಡಿದವರಿಗೆ ಮಾತ್ರ ಗೊತ್ತು. ಹಾಗಾಗಿ ಮುಂದಕ್ಕೆ ತೆರೆಯುವ ಬಾಗಿಲೇ ಬೇಡ, ಪಕ್ಕಕ್ಕೆ ಸರಿಯುವ ಕನ್ನಡಿ ಮಾಡಿಸುವ ಎಂದು ತೀರ್ಮಾನಿಸಿದೆ. ಕಿಟಕಿಯ ಗಾಜು ಸರಿಯುವುದಿಲ್ವಾ, ಹಾಗೆ. ಅದರ ಹಿಂದೆ ಬಾಟಲಿ, ಬಾಚಣಿಗೆ, ಬ್ಲೇಡು ಎಲ್ಲ ಅಡಗಿ ಕೂರಬೇಕು.

ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಮನೆ ಕಟ್ಟುವ ಕೆಲಸ ಗೊತ್ತಿಲ್ಲ, ಅಳತೆ ಹಿಡಿಯುವುದು ಗೊತ್ತು. ಮಗಳ ಗ್ರಾಫ್ ಪುಸ್ತಕ ತೆಗೆದು, ಒಂದು ಚೌಕಕ್ಕೆ ಒಂದು ಇಂಚು ಎಂದು ಗೋಡೆ ಬರೆದೆ. ಗೋಡೆ 54 ಇಂಚು. ಬೇಸಿನ್ನಿನ ನಡು ಎಡ ಮೂಲೆಯಿಂದ 16 ಇಂಚಿಗೆ. ಅದರ ಮೇಲೆ 23 ಇಂಚು ಅಗಲ, 30 ಇಂಚು ಎತ್ತರದ ಕನ್ನಡಿ. ಚಿತ್ರ ಚಂದ ಬಂತು. ಆಮೇಲೆ ಕನ್ನಡಿಯನ್ನು ಬಲಕ್ಕೆ ಸರಿಸಿ ಬರೆದು ನೋಡಿದೆ. ಅಲ್ಲಿ ಗೀಸರಿನ ಸ್ವಿಚ್ಚು, ಟವಲ್ ಕಂಬಿ, ಒಂದು ಕೊಕ್ಕೆ.

ಸರಿಯುವ ಕನ್ನಡಿಗೆ ಎರಡು ಕನ್ನಡಿಯಷ್ಟು ಗೋಡೆ ಬೇಕು. ಹೇಳಿದರೆ ಇಷ್ಟೇ, ಆದರೆ ಕಾಗದದ ಮೇಲೆ ಬರೆಯುವವರೆಗೆ ನನಗೆ ಹೊಳೆದಿರಲಿಲ್ಲ. 23 ಇಂಚಿನ ಕನ್ನಡಿಗೆ 46 ಇಂಚು ಖಾಲಿ ಗೋಡೆ. ನಮ್ಮಲ್ಲಿ 54 ಇದ್ದದ್ದರಿಂದ ಬಚಾವ್. ಸ್ವಿಚ್ಚನ್ನು ಬಾಗಿಲಿನ ಹೊರಗೆ ಹಾಕಿಸಿದೆವು. ನೀರು ಬೀಳುವ ಜಾಗದಲ್ಲಿ ಅದು ಮೊದಲೇ ಇರಬಾರದಿತ್ತು. ಟವಲ್ ಕಂಬಿ ಎದುರು ಗೋಡೆಗೆ ಹೋಯಿತು.

ಮುಂದಿನ ಆಸೆ ಅಜ್ಜಿಮನೆಯದ್ದು. ಅಲ್ಲಿ ಗೋಡೆಯೊಳಗೇ ಗೂಡು ಇರುತ್ತಿತ್ತು. ದೀಪಕ್ಕೊಂದು, ಕುಂಕುಮದ ಕರಡಿಗೆಗೊಂದು. ಬಚ್ಚಲುಮನೆಯಲ್ಲಿ ಹಂಡೆಯ ಪಕ್ಕ ಇನ್ನೊಂದು, ಅದರಲ್ಲಿ ಸೀಗೆಪುಡಿ, ತೆಂಗಿನ ನಾರು. ನಾವೂ ಗೋಡೆ ಕೊರೆದು ನಾಲ್ಕಿಂಚು ಆಳದ ಗೂಡು ಮಾಡಿ, ಅದರ ಮುಂದೆ ಕನ್ನಡಿ ಸರಿಸಿದರೆ ಹೊರಗೆ ಏನೂ ಉಬ್ಬಿ ಕಾಣುವುದಿಲ್ಲ ಅಲ್ವಾ?

ಪಕ್ಕದ ಮನೆಯ ಇಂಜಿನಿಯರ್ ಬಂದು ಗೋಡೆಗೆ ಬೆರಳಿನಿಂದ ಬಡಿದು ನೋಡಿದರು. "ಇದು ಕೆಂಪುಕಲ್ಲಿನ ಗೋಡೆ. ಮೇಲಿನ ಸ್ಲ್ಯಾಬ್ ಇದರ ಮೇಲೆಯೇ ಕೂತದ್ದು. ನಿಮ್ಮದು ಪಿಲ್ಲರ್ ಇರುವ ಮನೆ ಅಲ್ಲ. ಅರ್ಧ ಗೋಡೆ ತೆಗೆದು ಬಾಚಣಿಗೆ ಇಡ್ತೀರಾ?" ಎಂದರು. ಅಷ್ಟೇ ಅಲ್ಲ, ಗೀಸರಿನಿಂದ ಬೇಸಿನ್ನಿಗೆ ಬರುವ ಬಿಸಿನೀರಿನ ಪೈಪು ಅದೇ ಗೋಡೆಯೊಳಗೆ ಇಳಿದಿತ್ತು. ಅಜ್ಜಿಮನೆಯ ಗೂಡುಗಳನ್ನು ಗೋಡೆ ಕಟ್ಟುವಾಗಲೇ ಬಿಟ್ಟದ್ದು, ಆಮೇಲೆ ಕೊರೆದದ್ದಲ್ಲ. ಹಾಗಾಗಿ ಗೂಡು ಹೋಯಿತು, ಗೋಡೆಯ ಮೇಲೆ ಕೂರುವ ಪೆಟ್ಟಿಗೆ ಬಂತು.

ಪೆಟ್ಟಿಗೆ ಎಷ್ಟು ಆಳ ಇರಬೇಕು? ಇದಕ್ಕೆ ಉತ್ತರ ಸಿಕ್ಕಿದ್ದು ಊಟದ ಮೇಜಿನ ಮೇಲೆ. ಒಂದು ಭಾನುವಾರ ಬಚ್ಚಲಿನಲ್ಲಿದ್ದ ಸಾಮಾನನ್ನೆಲ್ಲ ತಂದು ಸಾಲಾಗಿ ಇಟ್ಟೆ. 41 ಆಯಿತು. ಖಾಲಿ ಶಾಂಪೂ ಬಾಟಲಿಯೇ ಐದು. ತಾರೀಕು ಮುಗಿದ ಮುಲಾಮು, ಹೋಟೆಲಿನಿಂದ ತಂದ ಸೋಪು, ಯಾರದ್ದೆಂದು ಯಾರೂ ಒಪ್ಪಿಕೊಳ್ಳದ ಒಂದು ಹಲ್ಲುಜ್ಜುವ ಬ್ರಷ್ಷು. ಎಸೆಯುವುದನ್ನು ಎಸೆದ ಮೇಲೆ ಉಳಿದದ್ದು 24. ಅದರಲ್ಲಿ ಅತ್ತೆಯ ಬಿಪಿ ಮಾತ್ರೆಯೂ ಇತ್ತು. ಮಾತ್ರೆಗೆ ಬಿಸಿ, ತೇವ ಎರಡೂ ಆಗುವುದಿಲ್ಲ. ದಿನಾ ಹಬೆ ಏಳುವ ಬಚ್ಚಲು ಅದಕ್ಕೆ ಕೆಟ್ಟ ಜಾಗ. ಕನ್ನಡಿ ಪೆಟ್ಟಿಗೆ ಎಂದರೆ ಔಷಧಿ ಪೆಟ್ಟಿಗೆ ಎಂಬ ಅಭ್ಯಾಸ ಎಲ್ಲಿಂದ ಬಂತೋ. ಮಾತ್ರೆಗಳನ್ನು ಅತ್ತೆಯ ಕೋಣೆಯ ಕಪಾಟಿಗೆ ಕಳಿಸಿದೆ. ಉಳಿದದ್ದನ್ನು ಸ್ಕೇಲು ಹಿಡಿದು ಅಳೆದೆ. ಎಲ್ಲಕ್ಕಿಂತ ದಪ್ಪದ್ದು ಎಣ್ಣೆ ಬಾಟಲಿ, ಎರಡೂಮುಕ್ಕಾಲು ಇಂಚು. ಅಂದರೆ ಒಳಗೆ ಮೂರೂಕಾಲು ಇಂಚು ಆಳ ಸಾಕು.

ಆದರೂ ಧೈರ್ಯ ಬರಲಿಲ್ಲ. ಬೇಸಿನ್ನಿನ ಮೇಲೆ ಪೆಟ್ಟಿಗೆ ಮುಂದೆ ಬಂದರೆ, ಬಾಗಿ ಬಾಯಿ ಮುಕ್ಕಳಿಸುವಾಗ ಹಣೆ ತಾಗುತ್ತದೆಯೇ? ಮಿಕ್ಸಿ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಆರು ಇಂಚು ಆಳಕ್ಕೆ ಕತ್ತರಿಸಿ, ಟೇಪಿನಲ್ಲಿ ಗೋಡೆಗೆ ಅಂಟಿಸಿದೆ. ಎರಡನೇ ದಿನಕ್ಕೆ ರಟ್ಟಿನ ಕೆಳಗಿನ ಅಂಚು ಜಜ್ಜಿತ್ತು. ನಮ್ಮವರ ಹಣೆ. ಅವರು ಐದು ಅಡಿ ಹತ್ತು ಇಂಚು ಎತ್ತರ, ಬಾಗಿದರೆ ತಲೆ ಬಹಳ ಮುಂದೆ ಹೋಗುತ್ತದೆ. ಐದು ಇಂಚಿಗೆ ಕತ್ತರಿಸಿದೆ. ಒಂದು ವಾರ ರಟ್ಟು ಹಾಗೆಯೇ ಇತ್ತು, ಜಜ್ಜಲಿಲ್ಲ. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದ್ದೂ ಅತಿ ಉಪಯೋಗದ್ದೂ ಆ ರಟ್ಟೇ.

ಈಗ ಐದು ಇಂಚಿನ ಲೆಕ್ಕ. ಗೋಡೆಗೂ ಪೆಟ್ಟಿಗೆಗೂ ನಡುವೆ ಗಾಳಿಗೆ 10 ಮಿಲಿಮೀಟರ್, ಹಿಂದಿನ ಹಲಗೆ 6, ಒಳಗಿನ ಜಾಗ 83, ಕನ್ನಡಿ ಉಜ್ಜದೆ ಸರಿಯಲು 6, ಕನ್ನಡಿಯ ಬೆನ್ನಿನ ಹಲಗೆ 12, ಕನ್ನಡಿ 5. ಒಟ್ಟು 122 ಮಿಲಿಮೀಟರ್. ಐದು ಇಂಚು ಅಂದರೆ 127. ಐದು ಮಿಲಿಮೀಟರ್ ಉಳಿತಾಯ! ಲೆಕ್ಕದವಳಿಗೆ ಅದೂ ಒಂದು ಸಂತೋಷ.

ಅಷ್ಟರಲ್ಲಿ ಇನ್ನೊಂದು ತೊಂದರೆ. ಕನ್ನಡಿ ಎಡಗಡೆಯ ಪೆಟ್ಟಿಗೆಯ ಮುಂದೆ ಇರುತ್ತದೆ, ಸರಿ. ಬಲಕ್ಕೆ ಸರಿದಾಗ ಅದರ ಹಿಂದೆ ಏನೂ ಇಲ್ಲ, ಗೋಡೆಯಿಂದ ನಾಲ್ಕಿಂಚು ಮುಂದೆ ಗಾಳಿಯಲ್ಲಿ ನಿಲ್ಲಬೇಕು. ಕನ್ನಡಿ ಸರಿಯುವ ಮೇಲಿನ ಟ್ರ್ಯಾಕನ್ನು ಅಲ್ಲಿ ಯಾವುದಕ್ಕೆ ಕಟ್ಟುವುದು? ಕಬ್ಬಿಣದ ಬ್ರಾಕೆಟ್ ಹಾಕಿದರೆ ಮತ್ತೆ ತುಕ್ಕು, ನೋಡಲೂ ಅಸಹ್ಯ. ನಾನು ಗ್ರಾಫ್ ಪುಸ್ತಕ ಹಿಡಿದು ಜಗಲಿಯಲ್ಲಿ ಕೂತಿದ್ದೆ. ಅತ್ತೆ ಬಸಳೆ ಬಿಡಿಸುತ್ತಾ ಪಕ್ಕದಲ್ಲಿದ್ದರು. ಒಮ್ಮೆ ಇಣುಕಿ ನೋಡಿ ಕೇಳಿದರು.

"ಪೆಟ್ಟಿಗೆ ಅರ್ಧವೇ ಯಾಕೆ? ಆ ಕಡೆಗೂ ಉದ್ದ ಮಾಡ್ಲಿಕ್ಕೆ ಆಗುದಿಲ್ವಾ?"

"ಆ ಕಡೆಯದ್ದನ್ನು ಮುಚ್ಚಲಿಕ್ಕೆ ಕನ್ನಡಿ ಇಲ್ಲ ಅತ್ತೆ."

"ಮುಚ್ಚುದು ಎಂಥಕ್ಕೆ? ಬ್ರಷ್ಷು, ಪೇಸ್ಟು, ಸೋಪು ದಿನಾ ಬೇಕಲ್ಲ. ಅದು ಅಲ್ಲಿ ಹೊರಗೇ ಇರ್ಲಿ. ನಾಚಿಕೆಯ ಸಾಮಾನು ಎಲ್ಲ ಒಳಗೆ ಇಡು."

ಬಸಳೆ ದಂಟು ಮುರಿಯುತ್ತಾ ಹೇಳಿದ ಆ ಮಾತಿನಿಂದ ಇಡೀ ಚಿತ್ರ ಬದಲಾಯಿತು. 45 ಇಂಚು ಉದ್ದದ ಒಂದೇ ಪೆಟ್ಟಿಗೆ, ನಡುವೆ ಒಂದು ಅಡ್ಡ ಹಲಗೆ. ಎಡ ಅರ್ಧ ಕನ್ನಡಿಯ ಹಿಂದೆ ಅಡಗಿರುತ್ತದೆ. ಬಲ ಅರ್ಧ ತೆರೆದ ಅಂಕಣ. ಕನ್ನಡಿ ಬಲಕ್ಕೆ ಸರಿದರೆ ಬಲದ್ದು ಮುಚ್ಚುತ್ತದೆ, ಎಡದ್ದು ತೆರೆಯುತ್ತದೆ. ಟ್ರ್ಯಾಕಿಗೆ ಉದ್ದಕ್ಕೂ ಆಧಾರ ಸಿಕ್ಕಿತು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದು. ಹಲ್ಲುಜ್ಜುವಾಗ, ಶೇವ್ ಮಾಡುವಾಗ ಮುಖ ನೋಡಬೇಕು, ಆಗ ಕನ್ನಡಿ ಬೇಸಿನ್ನಿನ ಮೇಲೆಯೇ ಇರಬೇಕು. ದಿನದ ಸಾಮಾನೂ ಕನ್ನಡಿಯ ಹಿಂದೆ ಇದ್ದಿದ್ದರೆ ಸರಿಸು, ತೆಗೆ, ಮುಚ್ಚು ಎಂದು ಬೆಳಗ್ಗೆ ಇಡೀ ಅದೇ ಆಗುತ್ತಿತ್ತು.

ಎತ್ತರದ ಜಗಳ ಮಗಳು ತೀರಿಸಿದಳು. ಅತ್ತೆ ನಾಲ್ಕು ಅಡಿ ಹತ್ತು ಇಂಚು, ನಮ್ಮವರು ಅವರಿಗಿಂತ ಸರಿಯಾಗಿ ಒಂದು ಅಡಿ ಜಾಸ್ತಿ. ಇಬ್ಬರಿಗೂ ಒಂದೇ ಕನ್ನಡಿಯಲ್ಲಿ ಮುಖ ಕಾಣಬೇಕು. ಮಗಳು ಪಿಯುಸಿ ಓದುತ್ತಿದ್ದಳು. "ಅಮ್ಮ, ನಮ್ಮ ಪೂರ್ತಿ ಮೈ ಕಾಣಲು ನಮ್ಮ ಎತ್ತರದ ಅರ್ಧ ಕನ್ನಡಿ ಸಾಕು. ಎಷ್ಟು ದೂರ ನಿಂತರೂ ಅಷ್ಟೇ" ಎಂದು ಕಿರಣ ಎಳೆದು ತೋರಿಸಿದಳು. ಕಣ್ಣಿಗೂ ಗಲ್ಲಕ್ಕೂ ನಡುವೆ ಎಲ್ಲಿ ಅರ್ಧವೋ ಅಲ್ಲಿಗೆ ಕನ್ನಡಿಯ ಕೆಳಗಂಚು ಬಂದರೆ ಗಲ್ಲ ಕಾಣುತ್ತದೆ. ಅತ್ತೆಗೆ ಅದು ನೆಲದಿಂದ 51 ಇಂಚು. ನಮ್ಮವರ ತಲೆಕೂದಲಿಗೆ ಮೇಲಂಚು 68. ಮುಖ ಮಾತ್ರ ನೋಡಲು 17 ಇಂಚು ಕನ್ನಡಿ ಸಾಕಿತ್ತು. ನಾವು 42ರಿಂದ 72ರವರೆಗೆ ಇಟ್ಟೆವು. ನಲ್ಲಿಯ ತಲೆ ಅದಕ್ಕಿಂತ ಕೆಳಗೆ ನಿಲ್ಲುತ್ತದೆ, ಒಳಗೆ ಮೂರು ಅಂಕಣವೂ ಸಿಗುತ್ತದೆ.

ಏಪ್ರಿಲ್‌ನಲ್ಲಿ ಆಚಾರ್ರು ಬಂದರು. ನಮ್ಮ ಮನೆಯ ಬಾಗಿಲು, ಕಪಾಟು ಎಲ್ಲ ಅವರದ್ದೇ ಕೈ. ಗ್ರಾಫ್ ಪುಸ್ತಕ ನೋಡಿ ಕನ್ನಡಕ ಹಣೆಗೆ ಏರಿಸಿದರು. "ಅಕ್ಕ, ಇಷ್ಟು ಬರೆದು ಕೊಟ್ಟವರನ್ನು ನಾನು ನೋಡಿಲ್ಲ. ಮಿಲಿಮೀಟರ್ ಎಲ್ಲ ಹಾಕಿದ್ದೀರಿ. ಮರಕ್ಕೆ ಇದೆಲ್ಲ ಗೊತ್ತಾಗ್ತದಾ?"

ಮರ ಬೇಡ ಎಂದೇ ಇದ್ದೆವು. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮಳೆ ಜೋರಿರುವ ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಪ್ಲೈವುಡ್ ಹಾಕುವುದಾದರೆ 710 ಎಂಬ ಐಎಸ್ (ಭಾರತೀಯ ಮಾನಕ) ನಂಬರಿನದ್ದೇ ಬೇಕು, ಅದು ನೀರಿಗೆ ತಡೆಯುವ ಮೆರೈನ್ ಪ್ಲೈ. 303 ಎಂದು ಇದ್ದರೆ ಅದು ಸಾಮಾನ್ಯ ಬಳಕೆಯ ಪ್ಲೈ. ಆಚಾರ್ರಿಗೆ ಮೆರೈನ್ ಪ್ಲೈ ಮೇಲೆ ಪ್ರೀತಿ. ನಾನು ಪಿವಿಸಿ ಹಲಗೆ ಕೇಳಿದೆ. ಅದು ನೀರು ಕುಡಿಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. "ಸ್ಕ್ರೂ ಹಿಡಿಯುದಿಲ್ಲ ಅಕ್ಕ, ಬೆಣ್ಣೆ ಹಾಗೆ" ಎಂದರು. ಅವರು ಹೇಳಿದ್ದರಲ್ಲೂ ಸತ್ಯ ಇತ್ತು. ಕೊನೆಗೆ ಪೆಟ್ಟಿಗೆ ಪಿವಿಸಿಯದ್ದು, ಟ್ರ್ಯಾಕ್ ಕೂರುವ ಮೇಲಿನ ಪಟ್ಟಿ ಮಾತ್ರ ಮೆರೈನ್ ಪ್ಲೈ, ಕತ್ತರಿಸಿದ ಅಂಚಿಗೆಲ್ಲ ಎರಡು ಕೋಟ್ ಪೇಂಟು ಎಂದು ರಾಜಿಯಾಯಿತು.

ಕನ್ನಡಿಯ ಭಾರ ನೋಡದೆ ರೋಲರ್ ತರಬಾರದು. ಗಾಜು ಒಂದು ಚದರ ಮೀಟರಿಗೆ, ಒಂದು ಮಿಲಿಮೀಟರ್ ದಪ್ಪಕ್ಕೆ, ಎರಡೂವರೆ ಕಿಲೋ ತೂಗುತ್ತದೆ. ನಮ್ಮ ಐದು ಮಿಲಿಮೀಟರ್ ಕನ್ನಡಿ ಐದೂವರೆ ಕಿಲೋ ಚಿಲ್ಲರೆ. ಬೆನ್ನಿನ ಹಲಗೆ, ಸುತ್ತ ಅಲ್ಯೂಮಿನಿಯಂ ಪಟ್ಟಿ ಎಲ್ಲ ಸೇರಿ ಒಂಬತ್ತು ಕಿಲೋ ಹತ್ತಿರ. 20 ಕಿಲೋ ತಡೆಯುವ ರೋಲರ್ ತಂದೆವು. ಕೆಳಗೆ ಚಕ್ರ ಇರುವ ಜಾತಿ ಬೇಡ, ಮೇಲಿನಿಂದ ನೇತಾಡುವ ಜಾತಿ. ಕೆಳಗೆ ಟ್ರ್ಯಾಕ್ ಇದ್ದರೆ ಅದೊಂದು ಚರಂಡಿ. ಪೇಸ್ಟು, ಕೂದಲು, ಸೋಪಿನ ನೊರೆ ಎಲ್ಲ ಅಲ್ಲಿಗೇ. ನಮ್ಮದರಲ್ಲಿ ಕೆಳಗೆ ಒಂದು ಚಿಕ್ಕ ನೈಲಾನ್ ತುಂಡು ಮಾತ್ರ, ಕನ್ನಡಿ ಹಿಂದೆ ಮುಂದೆ ತೂಗಾಡದಂತೆ ಹಿಡಿಯಲು. ಇನ್ನೊಂದು ವಿಷಯ ಕೇಳಿ ತನ್ನಿ, ಕೆಳಗಿನಿಂದ ಯಾರಾದರೂ ಎತ್ತಿದರೆ ಚಕ್ರ ಟ್ರ್ಯಾಕಿನಿಂದ ಹಾರದಂತೆ ತಡೆಯುವ ಕ್ಲಿಪ್ಪು. ಕೆಲವು ಸೆಟ್ಟಿನಲ್ಲಿ ಅದು ಇರುವುದೇ ಇಲ್ಲ.

ಸ್ಕ್ರೂ ತರಲು ಮಲ್ಪೆ ಬಂದರಿನ ಹತ್ತಿರ ಬೋಟಿನ ಸಾಮಾನು ಮಾರುವ ಅಂಗಡಿಗೆ ಹೋದೆ. ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಎಲ್ಲ ಒಂದೇ ಎಂದುಕೊಂಡಿದ್ದೆ. 304 ಎಂಬುದು ಪೇಟೆಯ ಸ್ಟೀಲು. 316ರಲ್ಲಿ ಎರಡು ಮೂರು ಶೇಕಡಾ ಮಾಲಿಬ್ಡಿನಂ ಸೇರಿರುತ್ತದೆ, ಅದು ಉಪ್ಪಿಗೆ ತಡೆಯುತ್ತದೆ. ಬೆಲೆ ಜಾಸ್ತಿ. ನಮಗೆ ಬೇಕಾದದ್ದು 30 ಸ್ಕ್ರೂ, ಚಿಂತೆ ಇಲ್ಲ. "ಯಾವ ಬೋಟು ಅಕ್ಕ?" ಎಂದು ಅಂಗಡಿಯವರು ಕೇಳಿದರು. "ಬಚ್ಚಲಿಗೆ" ಎಂದೆ. ಅವರು ನಗಲಿಲ್ಲ, ಪೊಟ್ಟಣ ಕಟ್ಟಿಕೊಟ್ಟರು.

ಗೋಡೆಗೆ ಡ್ರಿಲ್ ಹಾಕುವಾಗ ಟೈಲ್ಸ್ ಒಡೆಯಬಾರದೆಂದು ಆಚಾರ್ರು ಮೊದಲು ಟೇಪು ಅಂಟಿಸಿ, ಡ್ರಿಲ್ಲಿನ ಹ್ಯಾಮರ್ ಹೊಡೆತ ಬಂದ್ ಮಾಡಿ, ನಿಧಾನವಾಗಿ ಟೈಲ್ಸ್ ದಾಟಿದರು. ಬಿಸಿನೀರಿನ ಪೈಪು ಇಳಿದ ಸಾಲನ್ನು ಚಾಕ್‌ಪೀಸಿನಲ್ಲಿ ಗುರುತು ಮಾಡಿ ಬಿಟ್ಟಿದ್ದೆವು. ಟೈಲ್ಸ್ ದಾಟಿದ್ದೇ ತಡ, ಕೆಂಪು ಹುಡಿ ಸುರಿಯಿತು. ಕೆಂಪುಕಲ್ಲಿನ ಕಷ್ಟ ಅದು. ಕಲ್ಲಿನೊಳಗೆ ತೂತು ತೂತು, ಕೆಲವು ಕಡೆ ಮಣ್ಣಿನಷ್ಟೇ ಮೆತ್ತಗೆ. ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಮಾಮೂಲಿ ಪ್ಲಗ್ ಅಲ್ಲಿ ಸುಮ್ನೆ ತಿರುಗುತ್ತದೆ. ಎಂಟು ತೂತಿನಲ್ಲಿ ಮೂರು ಹೀಗೆ ಆಯಿತು. ಆಚಾರ್ರು ಹಳೆಯ ದಾರಿ ಹಿಡಿದರು. ತೂತು ದೊಡ್ಡದು ಮಾಡಿ, ನೀರು ಹಾಕಿ ಹುಡಿ ತೊಳೆದು, ಮರದ ತುಂಡನ್ನು ಸಿಮೆಂಟಿನಲ್ಲಿ ಕೂರಿಸಿ, ಎರಡು ದಿನ ಬಿಟ್ಟರು. ಉಳಿದದ್ದಕ್ಕೆ ನಾಲ್ಕಿಂಚು ಉದ್ದದ ಪ್ಲಗ್. ಆ ಎರಡು ದಿನ ನಮ್ಮವರು ಶೇವ್ ಮಾಡಿದ್ದು ಬೈಕಿನ ಕನ್ನಡಿ ನೋಡಿಕೊಂಡು.

ಪೆಟ್ಟಿಗೆ ಏರಿತು, ಕನ್ನಡಿ ತೂಗಿತು, ಸರ್ರನೆ ಸರಿಯಿತು. ಎಲ್ಲರೂ ಒಂದೊಂದು ಸಲ ಸರಿಸಿ ನೋಡಿದೆವು. ರಾತ್ರಿ ಹನ್ನೊಂದಕ್ಕೆ ಅತ್ತೆ ಬಂದು ನಮ್ಮ ಕೋಣೆಯ ಬಾಗಿಲು ಬಡಿದರು. "ಬಚ್ಚಲಿನಲ್ಲಿ ಯಾರು?" ಯಾರೂ ಇಲ್ಲ. ಕನ್ನಡಿ ತಾನಾಗಿ ಬಲಕ್ಕೆ ಹೋಗಿ ನಿಂತಿತ್ತು.

ಆಚಾರ್ರು ರಸಮಟ್ಟ ಇಟ್ಟು ನೋಡಿದರೆ ಬಲಗಡೆ ನಾಲ್ಕು ಮಿಲಿಮೀಟರ್ ಇಳಿಜಾರು. ಅವರು ಟೈಲ್ಸಿನ ಸಾಲನ್ನೇ ಮಟ್ಟ ಎಂದು ನಂಬಿದ್ದರು. ಟೈಲ್ಸ್ ಹಾಕಿದವರ ಸಾಲೇ ಸೊಟ್ಟ. ಈಗ ಟ್ರ್ಯಾಕ್ ಮಟ್ಟ ಮಾಡಿದರೆ ಪೆಟ್ಟಿಗೆ ಟೈಲ್ಸಿಗೆ ಸೊಟ್ಟ ಕಾಣುತ್ತದೆ. ಪೆಟ್ಟಿಗೆ ಹಾಗೇ ಬಿಟ್ಟು ಒಳಗಿನ ಟ್ರ್ಯಾಕನ್ನು ಮಾತ್ರ ಬಲಕ್ಕೆ ಎತ್ತಿ ಕೂರಿಸಿದರು. ಕಣ್ಣಿಗೊಂದು ಮಟ್ಟ, ಚಕ್ರಕ್ಕೊಂದು ಮಟ್ಟ. ಅವರ ಈ ಉಪಾಯಕ್ಕೆ ನನ್ನ ಗ್ರಾಫ್ ಪುಸ್ತಕದಲ್ಲಿ ಜಾಗ ಇರಲಿಲ್ಲ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮಳೆಗಾಲ ಬಂತು, ಹೋಯಿತು. ಅಕ್ಟೋಬರ್‌ನಲ್ಲಿ ಒಂದು ದಿನ ಕನ್ನಡಿಯ ಮೇಲೆ ಕಂದು ಗೆರೆ ಕಂಡಿತು. ಕೊಳೆ ಎಂದು ಉಜ್ಜಿದೆ, ಹೋಗಲಿಲ್ಲ. ಹದಿನೈದು ದಿನದಲ್ಲಿ ನಾಲ್ಕು ಗೆರೆ, ಮೇಲಿನಿಂದ ಕೆಳಗೆ, ಹಾವು ಹರಿದ ಹಾಗೆ. ಆಚಾರ್ರು ಬಂದು ನೋಡಿ ತಲೆ ಕೆರೆದುಕೊಂಡರು. "ಅಂಟು ಹಾಕಿದ ಜಾಗವೇ ಅಕ್ಕ ಇದು."

ಹೌದು, ಅಂಟು ಹಾಕಿದ ಸಾಲೇ. ಕನ್ನಡಿಯನ್ನು ಹಲಗೆಗೆ ಅಂಟಿಸಲು ಸಿಲಿಕೋನ್ ತಂದದ್ದು ನಾನು. ಹಾರ್ಡ್‌ವೇರ್ ಅಂಗಡಿಯಲ್ಲಿ "ಕನ್ನಡಿಗೆ" ಎಂದು ಕೇಳಿಯೇ ತಂದಿದ್ದೆ. ಅಂಟಿಸಿದ ದಿನ ಇಡೀ ಬಚ್ಚಲು ಗೋಬಿ ಮಂಚೂರಿ ಗಾಡಿಯ ಹಾಗೆ ವಿನೆಗರ್ ವಾಸನೆ ಹೊಡೆಯುತ್ತಿತ್ತು. ಆಗಲೇ ಅನುಮಾನ ಬರಬೇಕಿತ್ತು. ಕನ್ನಡಿಯಲ್ಲಿ ಗಾಜಿನ ಬೆನ್ನಿಗೆ ಬೆಳ್ಳಿಯ ತೆಳು ಪದರ ಇರುತ್ತದೆ. ಜರ್ಮನಿಯ ರಸಾಯನ ಶಾಸ್ತ್ರಜ್ಞ ಲೀಬಿಗ್ 1835ರಲ್ಲಿ ಗಾಜಿಗೆ ಬೆಳ್ಳಿ ಹಿಡಿಸುವ ದಾರಿ ತೋರಿಸಿದ ಮೇಲೆ ಬಂದ ಪದ್ಧತಿ ಅದು. ಬೆಳ್ಳಿಯ ಬೆನ್ನಿಗೆ ಹಲವು ಕನ್ನಡಿಗಳಲ್ಲಿ ತಾಮ್ರದ ಪದರ, ಅದರ ಮೇಲೆ ಪೇಂಟು. ಮಾಮೂಲಿ ಸಿಲಿಕೋನ್ ಒಣಗುವಾಗ ವಿನೆಗರಿನಲ್ಲಿರುವ ಅದೇ ಆಸಿಡ್ ಬಿಡುತ್ತದೆ. ಅದು ಪೇಂಟನ್ನು ದಾಟಿ ಒಳಗಿನ ಪದರಗಳನ್ನು ತಿನ್ನುತ್ತದೆ. ಕನ್ನಡಿಗೆ ನ್ಯೂಟ್ರಲ್ ಸಿಲಿಕೋನ್ ಬೇಕು, ಅದಕ್ಕೆ ಈ ಹುಳಿ ವಾಸನೆ ಇಲ್ಲ. ಟ್ಯೂಬಿನ ಮೇಲೆ ನ್ಯೂಟ್ರಲ್ ಎಂದು ಬರೆದಿರುತ್ತದೆ. ನಾನು ಓದಿರಲಿಲ್ಲ, ಮಾರಿದವರು ಹೇಳಿರಲಿಲ್ಲ. ಅಂಗಡಿಗೆ ಹೋಗಿ ಜಗಳ ಮಾಡುವ ಮನಸ್ಸಾಯಿತು. ಬಿಲ್ಲು ತೆಗೆದುಕೊಂಡಿರಲಿಲ್ಲ. ಲೆಕ್ಕ ಬರೆಯುವವಳು!

ಹೊಸ ಕನ್ನಡಿಗೆ ಅವಸರವೂ ಇತ್ತು. 2024ರ ಜನವರಿ 18ಕ್ಕೆ ಪುತ್ತಿಗೆ ಮಠದ ಪರ್ಯಾಯ, ಕೃಷ್ಣಮಠದ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಉಡುಪಿಯಲ್ಲಿ ಮನೆ ಇದ್ದವರಿಗೆ ಗೊತ್ತು, ಎರಡು ವರ್ಷಕ್ಕೊಮ್ಮೆ ಆ ವಾರ ಎಷ್ಟು ನೆಂಟರು ಎಂದು ಲೆಕ್ಕ ಹಾಕುವುದಲ್ಲ, ಎಷ್ಟು ಚಾಪೆ ಎಂದು ಲೆಕ್ಕ ಹಾಕುವುದು.

ಈ ಸಲ ಅಂಚು ಪಾಲಿಶ್ ಮಾಡಿಸಿದೆ. ಬೆನ್ನಿಗೆ ಫಿಲ್ಮ್ ಅಂಟಿಸಿದ ಕನ್ನಡಿ ಕೇಳಿ ತೆಗೆದುಕೊಂಡೆ, ಒಡೆದರೂ ಚೂರು ಚೆಲ್ಲದೆ ಫಿಲ್ಮಿಗೇ ಅಂಟಿಕೊಂಡಿರುತ್ತದೆ. ಆ ಫಿಲ್ಮಿಗೂ ಹಿಡಿಯುವ ನ್ಯೂಟ್ರಲ್ ಅಂಟು ಕೇಳಿ ತಂದೆ. ತೇವ ಮೊದಲು ಹೊಗುವುದು ಅಂಚಿನಿಂದ, ಹಾಗಾಗಿ ನಾಲ್ಕೂ ಅಂಚಿಗೆ ಬಣ್ಣವಿಲ್ಲದ ಲ್ಯಾಕರ್ ಹಚ್ಚಿದೆವು. ಅಂಟನ್ನು ಉದ್ದುದ್ದ ಸಾಲಾಗಿ ಹಾಕಿದೆವು, ನಡುವೆ ಗಾಳಿಯಾಡಲಿ, ನೀರು ಹೋದರೂ ಕೆಳಗೆ ಇಳಿಯಲಿ ಎಂದು. ಇಡೀ ಬೆನ್ನಿಗೆ ಬಳಿದರೆ ತೇವ ಒಳಗೇ ಕೂರುತ್ತದೆ. ಬಿಲ್ಲೂ ತೆಗೆದುಕೊಂಡೆ. ಎರಡು ಕನ್ನಡಿ, ಕೂಲಿ ಎಲ್ಲ ಸೇರಿ ಒಟ್ಟು ಖರ್ಚು 14 ಸಾವಿರದ ಹತ್ತಿರ ಬಂತು. ಮೊದಲನೇ ಕನ್ನಡಿಯನ್ನು ಅದರಲ್ಲಿ ಸೇರಿಸಬಾರದು ಎಂದು ನಾನು, ಸೇರಿಸಲೇಬೇಕು ಎಂದು ನಮ್ಮವರು.

ಒಳಗಿನ ಗಾಳಿಯ ಬಗ್ಗೆ ಮಾತ್ರ ಮೊದಲ ಸಲವೇ ಸರಿಯಾಗಿತ್ತು. ಗೋಡೆಯಿಂದ 10 ಮಿಲಿಮೀಟರ್ ಬಿಟ್ಟದ್ದರಿಂದ, ಹಿಂದಿನ ಹಲಗೆಗೆ ಮೇಲೆ ಕೆಳಗೆ ಸಂದು ಬಿಟ್ಟದ್ದರಿಂದ, ಆಟಿಯಲ್ಲೂ ಬೂಷ್ಟು ಬರಲಿಲ್ಲ. ಆದರೆ ಗಾಳಿ ಬರುವ ದಾರಿಯಲ್ಲಿ ಹಲ್ಲಿಯೂ ಬರುತ್ತದೆ. ಒಂದು ಬೆಳಗ್ಗೆ ಮಗಳು ಕನ್ನಡಿ ಸರಿಸಿದಾಗ ಕುಣಿಯುವ ಬಾಲ ಒಂದು ಬೇಸಿನ್ನಿಗೆ ಬಿತ್ತು. ಹಲ್ಲಿ ಪಾರಾಗಿತ್ತು, ಮಗಳ ಕೂಗು ಮಾತ್ರ ಬೀದಿಗೆ ಕೇಳಿತು. ಅಲ್ಯೂಮಿನಿಯಂ ಕಿಟಕಿಗೆ ಹಾಕುವ ಬ್ರಷ್ಷಿನ ಪಟ್ಟಿ ಇದೆಯಲ್ಲ, ಅದನ್ನು ಕನ್ನಡಿಯ ಹಿಂದಿನ ಸಂದಿಗೆ ಅಂಟಿಸಿದೆವು. ಹಿಂದಿನ ಹಲಗೆಯ ಸಂದಿಗೆ ಸೊಳ್ಳೆ ಬಲೆಯ ತುಂಡು. ಬಲಗಡೆಯ ಅಂಕಣಕ್ಕೂ ಒಂದು ತಿದ್ದುಪಡಿ ಬೇಕಾಯಿತು. ಬ್ರಷ್ ಇಡುವ ಲೋಟ ಅರ್ಧ ಇಂಚು ಹೊರಗೆ ಬಂದರೂ ಕನ್ನಡಿ ಅದನ್ನು ತಳ್ಳಿ ಬೀಳಿಸುತ್ತಿತ್ತು. ಅಂಕಣದ ಮುಂದೆ ಒಂದು ಇಂಚಿನ ಅಡ್ಡಪಟ್ಟಿ ಬಂದ ಮೇಲೆ ಲೋಟ ಒಳಗೇ ಇರುತ್ತದೆ. ಲೈಟನ್ನು ಕನ್ನಡಿಗೆ ಹಾಕಲಿಲ್ಲ, ಸರಿಯುವ ವಸ್ತುವಿಗೆ ವಯರು ಎಳೆಯುವುದು ಬೇಡ. ಪೆಟ್ಟಿಗೆಯ ನೆತ್ತಿಗೆ ನೀರು ತಡೆಯುವ ಎಲ್‌ಇಡಿ ಒಂದು ಕೂತಿದೆ.

ಪರ್ಯಾಯದ ಹಿಂದಿನ ದಿನ ಶಿರಸಿಯಿಂದ ಚಿಕ್ಕಮಾವ, ಚಿಕ್ಕತ್ತೆ, ಅವರ ಮಗ, ಸೊಸೆ ಬಂದರು. ನಸುಕಿನ ಮೆರವಣಿಗೆ ನೋಡಲು ರಾತ್ರಿಯೇ ಸ್ನಾನ ಮುಗಿಸಿ ಹೊರಡಬೇಕಿತ್ತು. ಒಬ್ಬೊಬ್ಬರಾಗಿ ಬಚ್ಚಲಿಗೆ ಹೋಗಿ ಬಂದರು. ಕನ್ನಡಿಯ ಬಗ್ಗೆ ಯಾರೂ ಒಂದು ಮಾತು ಹೇಳಲಿಲ್ಲ. ನಾನು ಕಾಯುತ್ತಲೇ ಇದ್ದೆ. ಕೊನೆಗೆ ಚಿಕ್ಕಮಾವ ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡು ಬಾಗಿಲಿನಿಂದ ತಲೆ ಹೊರಗೆ ಹಾಕಿದರು.

"ಬ್ಲೇಡ್ ಎಲ್ಲಿ ಇಡ್ತೀರಿ ಮಾರಾಯ್ತಿ? ಈ ಬಚ್ಚಲಲ್ಲಿ ಒಂದು ಸಾಮಾನೂ ಇಲ್ವಲ್ಲ!"

ನಾನು ಹೋಗಿ ಕನ್ನಡಿ ಸರಿಸಿದೆ. ಅವರು "ಓ" ಎಂದರು. ಅಷ್ಟೇ. ಬ್ಲೇಡ್ ತೆಗೆದುಕೊಂಡು ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಸರ್ರ್ ಎಂದು ಒಮ್ಮೆ, ತಿರುಗಿ ಸರ್ರ್ ಎಂದು ಇನ್ನೊಮ್ಮೆ. ಮೂರನೇ ಸಲವೂ ಕೇಳಿತು. ಹೊರಗೆ ಚಿಕ್ಕತ್ತೆ ಕೂಗಿದರು, "ಆಟ ಸಾಕು, ಹೊರಡಿ, ಬಸ್ಸಿಗೆ ರಶ್ ಆಗ್ತದೆ."

ಮರುದಿನ ಮಗಳು ನೈಲ್ ಪಾಲಿಶಿನಲ್ಲಿ ಕನ್ನಡಿಯ ಮೂಲೆಗೆ ಚಿಕ್ಕದೊಂದು ಬಾಣ ಬರೆದಳು, ಬಲಕ್ಕೆ. ಅಳಿಸುವ ಎಂದುಕೊಂಡಿದ್ದೆ. ಇನ್ನೂ ಹಾಗೇ ಇದೆ.